ಸ್ಯಾಂಪಲ್ ತೋರಿಸಿ ಜನಗಣತಿ ಅನ್ನಬೇಡಿ

2023ರ ಸೆಪ್ಟೆಂಬರಿನಲ್ಲಿ ಹೊಯ್ಸಳರ ಮೂರು ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು: ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ. ಅರಸೀಕೆರೆಯ ಶಿವಾಲಯ ಆ ಪಟ್ಟಿಯಲ್ಲಿಲ್ಲ. ಹಾಗಂತ 1220ರ ಸುಮಾರಿನ ಆ ಗುಡಿ, ನಕ್ಷತ್ರದ ಆಕಾರದ ಆ ಮಂಟಪ ಹೊಯ್ಸಳರ ಕಾಲದ್ದೇ ಅಲ್ಲ ಅಂತ ಯಾರಾದರೂ ವಾದ ಮಾಡಿದರೆ ನಾವು ನಗುತ್ತೇವೆ. ಅದು ಆಯ್ದು ಮಾಡಿದ ಪಟ್ಟಿ, ಇರೋದನ್ನೆಲ್ಲ ಎಣಿಸಿದ ಲೆಕ್ಕ ಅಲ್ಲ ಅಂತ ಎಲ್ಲರಿಗೂ ಗೊತ್ತು.

ಇದೇ ಸಾಮಾನ್ಯ ಜ್ಞಾನ ವೆಬ್‌ಸೈಟಿನ ವಿಚಾರಕ್ಕೆ ಬಂದ ಕೂಡಲೇ ರಜೆ ಹಾಕಿಬಿಡುತ್ತೆ. ‘ನಿಮ್ಮ ಸೈಟಿಗೆ ಇಷ್ಟೇ ಬ್ಯಾಕ್‌ಲಿಂಕ್ ಇರೋದು ಸಾರ್’ ಅಂತ ಸೋಮವಾರದ ಮೀಟಿಂಗಿನಲ್ಲಿ ಒಬ್ಬರು ಎಕ್ಸೆಲ್ ಶೀಟ್ ತೆರೆದರೆ ಸಾಕು, ಎಲ್ಲರೂ ತಲೆ ಆಡಿಸುತ್ತಾರೆ. ಆ ಸಂಖ್ಯೆ ಎಲ್ಲಿಂದ ಬಂತು, ಯಾರು ಎಣಿಸಿದರು, ಏನನ್ನು ಬಿಟ್ಟು ಎಣಿಸಿದರು ಅಂತ ಕೇಳೋರೇ ಇಲ್ಲ.

ಸರ್ಚ್ ಇಂಜಿನ್‌ಗಳು ಈ ಲೆಕ್ಕವನ್ನು ಯಾವತ್ತೂ ಪೂರ್ತಿ ಕೊಟ್ಟಿಲ್ಲ. ಮೊದಲು ಗೂಗಲ್‌ನಲ್ಲಿ ‘ಲಿಂಕ್’ ಅಂತ ಬರೆದು, ಕೋಲನ್ ಹಾಕಿ, ಮುಂದೆ ಸೈಟಿನ ವಿಳಾಸ ಕೊಟ್ಟರೆ ಒಂದು ಪಟ್ಟಿ ಬರುತ್ತಿತ್ತು. ಅದು ಇದ್ದ ಲಿಂಕುಗಳಲ್ಲಿ ಒಂದಿಷ್ಟರ ಮಾದರಿ ಮಾತ್ರ. ಜನ ಅದನ್ನೇ ನಂಬಿ ವರ್ಷಗಟ್ಟಲೆ ರಿಪೋರ್ಟ್ ಬರೆದರು. 2017ರಲ್ಲಿ ಗೂಗಲ್‌ನವರೇ ಅದನ್ನು ಬಳಸಬೇಡಿ ಅಂದರು. ಯಾಹೂದ ಸೈಟ್ ಎಕ್ಸ್‌ಪ್ಲೋರರ್ ಸ್ವಲ್ಪ ಧಾರಾಳವಾಗಿತ್ತು. ಅದು 2011ರ ನವೆಂಬರಿನಲ್ಲಿ ಬಾಗಿಲು ಹಾಕಿತು. ಈಗ ಗೂಗಲ್‌ನಲ್ಲಿ ಉಳಿದಿರೋದು ಸರ್ಚ್ ಕನ್ಸೋಲ್. ಸೈಟ್ ನಿಮ್ಮದೇ ಅಂತ ಸಾಬೀತು ಮಾಡಿ ಒಳಗೆ ಹೋದರೂ ಅಲ್ಲಿನ ಪಟ್ಟಿ 1,000 ಸಾಲಿಗೆ ನಿಲ್ಲುತ್ತೆ. ಎಲ್ಲ ಲಿಂಕೂ ಇಲ್ಲಿ ಇರಲಿಕ್ಕಿಲ್ಲ ಅನ್ನೋದನ್ನು ಅದರ ಸಹಾಯ ಪುಟದಲ್ಲೇ ಬರೆದಿದ್ದಾರೆ. ಸಹಾಯ ಪುಟ ಓದೋರು ಯಾರು?

ಬಿಟ್ಟುಹೋಗೋದು ಒಂದು ಕಡೆ, ಉಬ್ಬಿಸೋದು ಇನ್ನೊಂದು ಕಡೆ. ಯಾರೋ ತಮ್ಮ ಸೈಟಿನ ಪಕ್ಕದ ಪಟ್ಟಿಯಲ್ಲಿ ನಿಮಗೆ ಒಂದು ಲಿಂಕ್ ಹಾಕಿದರು ಅಂತಿಟ್ಟುಕೊಳ್ಳಿ. ಅವರ ಸೈಟಿನಲ್ಲಿ 400 ಪುಟ ಇದ್ದರೆ ಆ ಒಂದೇ ಲಿಂಕ್ 400 ಸಲ ಲೆಕ್ಕಕ್ಕೆ ಬರಬಹುದು. ನಿಮ್ಮನ್ನು ಮೆಚ್ಚಿದವರು ಒಬ್ಬರು, ಸಂಖ್ಯೆ ಮಾತ್ರ ನಾನೂರು! ಇನ್ನೊಬ್ಬರು ನಿಮ್ಮ ಲೇಖನ ಓದಿ, ಉದ್ದಕ್ಕೆ ಚರ್ಚಿಸಿ, ಕೊನೆಗೆ ಲಿಂಕ್ ಕೊಟ್ಟಿರುತ್ತಾರೆ. ಆ ಪುಟವನ್ನು ಸರ್ಚ್ ಇಂಜಿನ್ ಇನ್ನೂ ಓದಿಲ್ಲದಿದ್ದರೆ ಅದರ ಲೆಕ್ಕ ಸೊನ್ನೆ. ಅಳಿಸಿಹೋದ ಪುಟದ ಲಿಂಕ್ ಮತ್ತೊಮ್ಮೆ ಅಲ್ಲಿಗೆ ಹೋಗಿ ನೋಡುವವರೆಗೂ ಪಟ್ಟಿಯಲ್ಲಿ ಹಾಗೇ ಕೂತಿರಬಹುದು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಓಡಾಡೋ ಲಿಂಕಂತೂ ಯಾರ ಲೆಕ್ಕಕ್ಕೂ ಸಿಗೋದಿಲ್ಲ.

ಕನ್ನಡದ ಸೈಟುಗಳಿಗೆ ಇದರ ಮೇಲೆ ಇನ್ನೂ ಒಂದು ಹೊಡೆತ. ಯುನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಮಾಡಿದ ಹಳೆಯ ಪುಟಗಳಲ್ಲಿ ಲಿಂಕಿನ ವಿಳಾಸ ಯಂತ್ರಕ್ಕೆ ಸಿಕ್ಕರೂ, ಲಿಂಕಿನ ಮೇಲಿರುವ ಪದಗಳು ಅದಕ್ಕೆ ಗೊತ್ತಿಲ್ಲದ ಅಕ್ಷರಗಳ ಗೋಜಲು. ವಿಳಾಸವನ್ನೇ ಕನ್ನಡದಲ್ಲಿ ಬರೆದರೆ ಇನ್ನೊಂದು ಕಥೆ. ‘ಅರಸೀಕೆರೆ’ ಅನ್ನೋ ಪದದಲ್ಲಿ ಯುನಿಕೋಡ್ ಲೆಕ್ಕದಲ್ಲಿ 8 ಚಿಹ್ನೆ ಇವೆ. ಕಾಪಿ ಮಾಡಿ ಅಂಟಿಸಿದಾಗ ಒಂದೊಂದೂ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರ ಸೇರಿದ 9 ಅಕ್ಷರವಾಗಿ ಬಿಚ್ಚಿಕೊಂಡು, ಒಟ್ಟು 72 ಅಕ್ಷರದ ಬಾಲ ಆಗುತ್ತೆ. ಇಂಥ ಬಾಲ ಅರ್ಧಕ್ಕೆ ತುಂಡಾದರೆ ಲಿಂಕ್ ಸತ್ತಂತೆ. ಕೊಟ್ಟವರು ಪ್ರೀತಿಯಿಂದ ಕೊಟ್ಟಿರುತ್ತಾರೆ, ತಲುಪೋದು ಮಾತ್ರ ಇಲ್ಲ.

ತಪ್ಪು ಲೆಕ್ಕದಿಂದ ಯಾರಿಗೇನು ನಷ್ಟ ಅಂತೀರಾ? ಹಳೇಬೀಡಿನ ಹತ್ತಿರ ಹೋಂಸ್ಟೇ ನಡೆಸುವ ಒಬ್ಬರನ್ನು ಊಹಿಸಿಕೊಳ್ಳಿ. ಅವರಿಗೆ ಬೆಂಗಳೂರಿನಿಂದ ಫೋನ್ ಬರುತ್ತೆ: ‘ನಿಮ್ಮ ಸೈಟಿಗೆ 12 ಲಿಂಕ್ ಇದೆ, ಪಕ್ಕದವರಿಗೆ 900 ಇದೆ, ತಿಂಗಳಿಗೆ ಇಷ್ಟು ಕೊಟ್ಟರೆ ನಾವು ಸರಿ ಮಾಡ್ತೀವಿ.’ ಆ 12 ಒಂದು ಕಂಪನಿಯ ಟೂಲಿನದು, ಆ 900 ಇನ್ನೊಂದರದ್ದು ಇದ್ದರೂ ಇರಬಹುದು. ಏಚ್‌ರೆಫ್ಸ್, ಸೆಮ್‌ರಶ್, ಮೆಜೆಸ್ಟಿಕ್ ಎಲ್ಲವೂ ತಮ್ಮ ತಮ್ಮ ಯಂತ್ರ ಕಳಿಸಿ ತಮ್ಮ ತಮ್ಮ ಲೆಕ್ಕ ಹಾಕುತ್ತವೆ. ಒಂದರ ಸಂಖ್ಯೆ ಇನ್ನೊಂದಕ್ಕೆ ಹೊಂದಲ್ಲ, ಗೂಗಲ್‌ಗಂತೂ ಯಾವುದೂ ಹೊಂದಲ್ಲ. ದುಡ್ಡು ಮಾತ್ರ ನಿಜವಾಗಿ ಹೋಗುತ್ತೆ. ಅದರಿಂದ ಬರೋದು ಯಾರೂ ಓದದ ಪುಟಗಳಿಂದ ಬಂದ ಲಿಂಕ್‌ಗಳ ರಾಶಿ. ದುಡ್ಡು ಕೊಟ್ಟು ಲಿಂಕ್ ಕೊಳ್ಳೋದು ಗೂಗಲ್‌ನ ನಿಯಮಕ್ಕೇ ವಿರುದ್ಧ ಅಂತ ಆ ಫೋನಿನಲ್ಲಿ ಹೇಳೋದಿಲ್ಲ. ಬೇಲೂರಿನ ಶಿಲ್ಪದ ಬಗ್ಗೆ ಕನ್ನಡದಲ್ಲಿ ಕೂತು ಬರೆದವರು ಅದೇ 12 ನೋಡಿ, ನನ್ನನ್ನು ಯಾರೂ ಓದುತ್ತಿಲ್ಲ ಅಂತ ಬರೆಯೋದನ್ನೇ ನಿಲ್ಲಿಸಬಹುದು. ಆ ನಷ್ಟಕ್ಕೆ ಬಿಲ್ ಕೂಡ ಇಲ್ಲ.

ಪೂರ್ತಿ ಪಟ್ಟಿ ಕೊಟ್ಟರೆ ಸ್ಪ್ಯಾಮ್ ಮಾಡೋರು ರ‍್ಯಾಂಕಿಂಗಿನ ಗುಟ್ಟು ಬಿಡಿಸಿಬಿಡುತ್ತಾರೆ ಅನ್ನೋದು ಸರ್ಚ್ ಇಂಜಿನ್‌ಗಳ ಪರವಾದ ವಾದ. ಅದರಲ್ಲಿ ಅರ್ಥ ಇದೆ. ಪಕ್ಕದ ಸೈಟಿನ ಪಟ್ಟಿ ನನಗೆ ಬೇಡ. ಆದರೆ ನನ್ನದೇ ಸೈಟಿನ ಪಟ್ಟಿ? ನನಗೆ ಸ್ಥಾನ ಕೊಡುವಾಗ ತನ್ನ ಹತ್ತಿರ ಇರುವ ಲೆಕ್ಕವನ್ನೆಲ್ಲ ನೋಡೋದು, ಕೇಳಿದರೆ ಮಾತ್ರ ಎರಡು ಹಾಳೆ ತೋರಿಸೋದು ಯಾವ ನ್ಯಾಯ? ನಮ್ಮ ಪಿಯುಸಿ ಬೋರ್ಡ್ ಕೂಡ ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಪ್ರತಿ ಕೊಡುತ್ತೆ. ಪೂರ್ತಿ ಕೊಡೋಕೆ ಆಗದಿದ್ದರೆ, ಇದು ಮಾದರಿ, ಒಟ್ಟಿನಲ್ಲಿ ಇಷ್ಟು ಪಾಲು, ಇಂಥ ದಿನಾಂಕದವರೆಗಿನದು ಅಂತ ಸಂಖ್ಯೆಯ ಪಕ್ಕದಲ್ಲೇ ಬರೆಯಲಿ. ಸಹಾಯ ಪುಟದ ಮೂಲೆಯಲ್ಲಿ ಬರೆದರೆ ಸಾಲದು.

ಇದೇನು ಹೊಸ ಬೇಡಿಕೆ ಅಲ್ಲ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ಬೇಲೂರು, ಅರಸೀಕೆರೆ ಅಂತ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಕಲ್ಲು ಯಾವ ಊರಿನಲ್ಲಿ, ಎಲ್ಲಿ ಇದೆ ಅಂತ ಬರೆದರು. ಅನುಮಾನ ಇದ್ದವರು ಹೋಗಿ ನೋಡಬಹುದಿತ್ತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಹೊಸದಾಗಿ ಸಿಕ್ಕಿದವೂ ಸೇರಿದವು. ಹಳೆಯ ಲೆಕ್ಕ ಅಪೂರ್ಣ ಅಂತ ಯಾರಿಗೂ ಅವಮಾನ ಆಗಲಿಲ್ಲ.

ಅಲ್ಲಿಯವರೆಗೆ ನಾವೇ ಸ್ವಲ್ಪ ಎಚ್ಚರ ಇಟ್ಟುಕೊಳ್ಳಬೇಕು. ಲಿಂಕ್ ಎಣಿಸಬೇಡಿ, ಲಿಂಕ್ ಕೊಟ್ಟ ಸೈಟುಗಳನ್ನು ಎಣಿಸಿ. ಒಂದು ಟೂಲಿನ ಸಂಖ್ಯೆಯನ್ನು ಅದೇ ಟೂಲಿನ ಹಿಂದಿನ ತಿಂಗಳ ಸಂಖ್ಯೆಗೆ ಮಾತ್ರ ಹೋಲಿಸಿ. ನಿಮ್ಮ ಸರ್ವರಿನ ಲಾಗ್ ತೆರೆದು ಓದುಗರು ಯಾವ ಸೈಟಿನಿಂದ ಬಂದರು ಅಂತ ನೋಡಿ. ಅದೂ ಪೂರ್ತಿ ಅಲ್ಲ, ಆದರೆ ಅಲ್ಲಿ ಕಾಣೋದು ನಿಮ್ಮ ಬಾಗಿಲಿಗೇ ಬಂದವರು. ಹಳೇಬೀಡು, ಹಳೆಬೀಡು, ಅರಸೀಕೆರೆ, ಅರಸಿಕೆರೆ, ಎಲ್ಲ ಕಾಗುಣಿತದಲ್ಲೂ ಹುಡುಕಿ. ಬ್ಯಾಕ್‌ಲಿಂಕ್ ಮಾರೋಕೆ ಬಂದವರಿಗೆ ಒಂದೇ ಮಾತು ಹೇಳಿ: ಸಂಖ್ಯೆ ಬೇಡ, ವಿಳಾಸಗಳ ಪಟ್ಟಿ ಕೊಡಿ, ಒಂದೊಂದನ್ನೂ ತೆರೆದು ನೋಡ್ತೀನಿ.

ಇದನ್ನು ಓದುತ್ತಿರುವ ಅನೇಕರ ಕೆಲಸವೇ ಆ ಎಕ್ಸೆಲ್ ಶೀಟ್ ಮಾಡೋದು ಅಂತ ಗೊತ್ತು. ಮುಂದಿನ ಸೋಮವಾರ ಆ ಕಾಲಮಿನ ತಲೆಯ ಮೇಲೆ ‘ಒಟ್ಟು ಲಿಂಕ್’ ಅಂತ ಇರೋದನ್ನು ಅಳಿಸಿ ‘ನಮಗೆ ಕಂಡ ಲಿಂಕ್’ ಅಂತ ಬರೆಯಿರಿ. ಕ್ಲೈಂಟ್ ಯಾಕೆ ಅಂತ ಕೇಳಿದರೆ, ಕೂತು ವಿವರಿಸಿ. ನಿಮ್ಮ ಸಂಬಳದಲ್ಲಿ ಆ ಕೆಲಸವೂ ಸೇರಿದೆ.