ನಮ್ಮೂರ ತಂಡ ಅಂದರೆ ಯಾರ ತಂಡ?

ಬರುವ ಭಾನುವಾರ ನಮ್ಮ ಸಂಘದ ವಾರ್ಷಿಕ ಮಹಾಸಭೆ. ನೋಟೀಸು ಕೈಗೆ ಬಂದಾಗಿನಿಂದ ಆರನೇ ವಿಷಯ ತಲೆ ಕೊರೆಯುತ್ತಿದೆ. "ಸಂಘದ ವಾಲಿಬಾಲ್ ತಂಡದಲ್ಲಿ ಕನ್ನಡ ಮಾತೃಭಾಷೆಯ ಸದಸ್ಯರು ಮಾತ್ರ ಆಡತಕ್ಕದ್ದು" ಅಂತ ಒಂದು ಗುಂಪಿನ ಠರಾವು. ಇನ್ನೊಂದು ಗುಂಪಿನದು ಇದಕ್ಕೆ ಪೂರ್ತಿ ಉಲ್ಟಾ. ಎಲ್ಲರೂ ಕೈಯಿಂದ ಒಂದಿಷ್ಟು ದುಡ್ಡು ಹಾಕೋಣ, ಟೂರ್ನಮೆಂಟಿನ ಮಟ್ಟಿಗೆ ಹೊರಗಿನಿಂದ ಮೂವರು ಒಳ್ಳೇ ಆಟಗಾರರನ್ನು ಕರೆಸೋಣ, ಈ ಸಲವಾದರೂ ಶೀಲ್ಡು ತರೋಣ ಅಂತ. ಎರಡೂ ಕಡೆಯವರು ನನಗೆ ಫೋನ್ ಮಾಡಿದರು. ಎರಡೂ ಕಡೆಯವರಿಗೂ "ಆಗಲಿ, ನೋಡುವ" ಅಂದೆ. ನಲವತ್ತು ವರ್ಷ ಮುಂಬಯಿಯಲ್ಲಿ ಕಳೆದವನಿಗೆ ಅಷ್ಟೂ ಬುದ್ಧಿ ಬರದಿದ್ದರೆ ಹೇಗೆ!

ಆದರೆ ಇಲ್ಲಿ ನನ್ನ ಅಭಿಪ್ರಾಯ ಹೇಳಿಯೇ ಬಿಡುತ್ತೇನೆ. ಅದಕ್ಕೆ ಸ್ವಲ್ಪ ದೂರ, ಕೆನಡಾದವರೆಗೆ ಹೋಗಿ ಬರಬೇಕು. ಬೇಸರ ಮಾಡಿಕೊಳ್ಳಬೇಡಿ.

ನನ್ನ ಮಗ ಇರುವುದು ವಿನ್ನಿಪೆಗ್‌ನಲ್ಲಿ. ಹಿಂದೊಮ್ಮೆ ನಾವಿಬ್ಬರೂ ಅಲ್ಲಿಗೆ ಹೋಗಿದ್ದಾಗ ಒಂದು ದಿನ ಕಾರಿನಲ್ಲಿ ಪೂರ್ವಕ್ಕೆ ಇನ್ನೂರು ಕಿಲೋಮೀಟರಿನಷ್ಟು ದೂರದ ಕೆನೋರಾ ಎಂಬ ಊರಿಗೆ ಕರೆದುಕೊಂಡು ಹೋದ. ಲೇಕ್ ಆಫ್ ದ ವುಡ್ಸ್ ಅಂತ ದೊಡ್ಡ ಸರೋವರ, ಅದರ ದಂಡೆಯ ಮೇಲೆ ಸಣ್ಣ ಊರು. ದಂಡೆಯಲ್ಲಿ ಸುಮಾರು ನಲವತ್ತು ಅಡಿ ಎತ್ತರದ ಮೀನಿನ ಪ್ರತಿಮೆ ನಿಲ್ಲಿಸಿದ್ದಾರೆ. ನನ್ನವಳು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದಕ್ಕೆ ಎಷ್ಟು ತೆಂಗಿನಕಾಯಿ ಬೇಕಾದೀತು?" ಅಂದಳು. ಕುಂದಾಪುರದವರು ಎಲ್ಲಿಗೆ ಹೋದರೂ ಇಷ್ಟೇ ನೋಡಿ.... ಮಗ ಮಾತ್ರ ಬೇರೆಯೇ ವಿಷಯ ಹೇಳಿದ. "ಅಪ್ಪಾ, ಈ ಊರು ಒಮ್ಮೆ ಸ್ಟ್ಯಾನ್ಲಿ ಕಪ್ ಗೆದ್ದಿತ್ತು ಗೊತ್ತಾ? ಇಷ್ಟು ಚಿಕ್ಕ ಊರು ಬೇರೆ ಯಾವುದೂ ಗೆದ್ದಿಲ್ಲ."

ನನಗೆ ಹಾಕಿ ಅಂದರೆ ಧ್ಯಾನ್‌ಚಂದ್, ಧನರಾಜ್ ಪಿಳ್ಳೆ ಅಷ್ಟೇ. ಐಸ್ ಮೇಲೆ ಆಡುವ ಹಾಕಿಯ ಗಂಧ ಇರಲಿಲ್ಲ. ಆದರೂ ವಾಪಸ್ ಬಂದ ಮೇಲೆ ಆ ಊರಿನ ಕ್ಲಬ್ಬಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ನಮ್ಮ ಸಂಘದ ಕಥೆಯೇ ಅನ್ನಿಸತೊಡಗಿತು.

ಊರಿನ ಹಳೇ ಹೆಸರು ರ‍್ಯಾಟ್ ಪೋರ್ಟೇಜ್. ಅಲ್ಲಿನ ಮೂಲನಿವಾಸಿ ಅನಿಶಿನಾಬೆ ಜನರ ಮಾತಿನಲ್ಲಿ ನೀರಿಲಿಗಳು ದಾಟುವ ಹಾದಿ ಎಂಬ ಅರ್ಥದ ಹೆಸರೊಂದಿತ್ತು, ಅದನ್ನೇ ಬಿಳಿಯರು ತಮ್ಮ ಭಾಷೆಗೆ ತಿರುಗಿಸಿಕೊಂಡರು. ರೈಲು ಬಂತು, ಮರದ ಗಿರಣಿಗಳು ಬಂದವು, ಚಿನ್ನದ ಗಣಿಯ ಆಸೆ ಹೊತ್ತವರು ಬಂದರು. ಇದು ಒಂಟಾರಿಯೋಗೆ ಸೇರಿದ್ದೋ ಮ್ಯಾನಿಟೋಬಾಗೆ ಸೇರಿದ್ದೋ ಎಂದು ಎರಡು ಪ್ರಾಂತಗಳ ನಡುವೆ ಜಗಳವೂ ನಡೆಯಿತು. 1884ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂಟಾರಿಯೋ ಪರವಾಗಿ ಹೇಳಿ, 1889ರಲ್ಲಿ ಕಾನೂನಾಯಿತು. ಬೆಳಗಾವಿಯ ಸುದ್ದಿ ಓದುತ್ತ ಮಹಾರಾಷ್ಟ್ರದಲ್ಲಿ ಬಾಳುತ್ತಿರುವ ನಮಗೆ ಗಡಿ ತಂಟೆ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಮಾಷೆ ಏನೆಂದರೆ, ಕಾಗದದ ಮೇಲೆ ಊರು ಒಂಟಾರಿಯೋಗೆ ಹೋಯಿತು, ಊರಿನ ಹುಡುಗರು ಹಾಕಿ ಆಡಿದ್ದು ಮಾತ್ರ ಮ್ಯಾನಿಟೋಬಾದ ಲೀಗಿನಲ್ಲಿ. ವಿನ್ನಿಪೆಗ್ ಹತ್ತಿರ ಇತ್ತಲ್ಲ, ಇನ್ನೇನು!

ಕ್ಲಬ್ಬಿನ ಹೆಸರು ಥಿಸಲ್ಸ್. ಥಿಸಲ್ ಅಂದರೆ ಸ್ಕಾಟ್ಲೆಂಡಿನ ಲಾಂಛನವಾದ ಮುಳ್ಳಿನ ಹೂಗಿಡ. ಅಂದರೆ ವಲಸೆ ಬಂದವರು ತಮ್ಮ ತಂಡಕ್ಕೆ ಬಿಟ್ಟು ಬಂದ ನಾಡಿನ ಗುರುತನ್ನೇ ಇಟ್ಟರು. ಮುಂಬಯಿಯಲ್ಲಿ ಕಾವೇರಿ, ನೇತ್ರಾವತಿ ಅಂತ ಬಿಲ್ಡಿಂಗಿಗೆ ಹೆಸರಿಡುವ ನಮ್ಮ ಹಾಗೇ.

ಈಗ ಆಟಗಾರರ ವಿಷಯಕ್ಕೆ ಬನ್ನಿ. ಟಾಮ್ ಫಿಲಿಪ್ಸ್, ಟಾಮ್ ಹೂಪರ್ ಇಬ್ಬರೂ 1883ರಲ್ಲಿ ಅದೇ ಊರಿನಲ್ಲಿ ಹುಟ್ಟಿದವರು. ಬಿಲ್ಲಿ ಮೆಕ್‌ಗಿಮ್ಸಿ ಹುಟ್ಟಿದ್ದು ಒಂಟಾರಿಯೋದ ಬೇರೆ ಊರಿನಲ್ಲಿ. ಸೈ ಗ್ರಿಫಿಸ್ ಹುಟ್ಟಿದ್ದಂತೂ ಅಮೆರಿಕದ ಕಾನ್ಸಾಸ್‌ನಲ್ಲಿ! ಮನೆಯವರ ಜೊತೆ ಬಂದು ಈ ಊರಿನ ಐಸ್ ಮೇಲೆ ಬೆಳೆದವರು. "ಊರಿನ ಮಣ್ಣಿನ ಮಕ್ಕಳ ತಂಡ" ಎಂದು ಇಂದಿಗೂ ಹೊಗಳುತ್ತಾರೆ, ಹೊಗಳಲಿ. ಆದರೆ ಹುಟ್ಟಿದ ಊರಿನ ದಾಖಲೆ ಕೇಳಿದ್ದರೆ ಆ ತಂಡದಲ್ಲಿ ಏಳು ಜನ ಒಟ್ಟಾಗುವುದು ಕಷ್ಟವಿತ್ತು. ಹೌದು, ಆಗ ಒಂದು ಕಡೆಗೆ ಏಳು ಜನ. ಅರ್ಧ ಗಂಟೆಯ ಎರಡು ಭಾಗ, ಶುರುವಿನಲ್ಲಿ ಇಳಿದವರೇ ಕೊನೆಯವರೆಗೂ ಆಡಬೇಕು. ಪಕ್ಕನ್ನು ಮುಂದಿರುವವನಿಗೆ ಪಾಸ್ ಕೊಡುವ ಹಾಗಿಲ್ಲ. ಹಾಗಾಗಿ ಸ್ಕೇಟಿಂಗಿನ ವೇಗವೇ ಎಲ್ಲ. ಥಿಸಲ್ಸ್ ಹೆಸರು ಮಾಡಿದ್ದೇ ವೇಗದಿಂದ.

ಸ್ಟ್ಯಾನ್ಲಿ ಕಪ್ ಕೂಡ ಆಗ ಈಗಿನ ಹಾಗೆ ದೊಡ್ಡ ಲೀಗಿನ ಸ್ವತ್ತಾಗಿರಲಿಲ್ಲ. 1892ರಲ್ಲಿ ಗವರ್ನರ್ ಜನರಲ್ ಲಾರ್ಡ್ ಸ್ಟ್ಯಾನ್ಲಿ ಘೋಷಿಸಿದ ಬಹುಮಾನ. ಗೆದ್ದವರ ಮೇಲೆ ಬೇರೆ ಲೀಗಿನ ಚಾಂಪಿಯನ್ನರು ಸವಾಲು ಹಾಕಬಹುದಿತ್ತು, ನಮ್ಮ ಕಡೆಯ ಕುಸ್ತಿ ಪೈಲ್ವಾನರ ಹಾಗೆ. ಕಪ್ಪಿನ ಟ್ರಸ್ಟಿಗಳು ಒಪ್ಪಿದರೆ ಆಯಿತು. ಈ ಬಾಗಿಲು ತೆರೆದಿದ್ದರಿಂದಲೇ ಕೆಲವೇ ಸಾವಿರ ಜನರ ಊರು ಮಾಂಟ್ರಿಯಲ್ ಎದುರು ನಿಲ್ಲಲು ಆಯಿತು.

ಮೊದಲ ಸವಾಲು 1903ರಲ್ಲಿ, ಆಟವಾ ತಂಡದ ಮೇಲೆ. ಸುಮಾರು ಎರಡು ಸಾವಿರ ಕಿಲೋಮೀಟರ್ ರೈಲಿನಲ್ಲಿ ಹೋಗಿ, ಎರಡೂ ಪಂದ್ಯ ಸೋತು, ಅಷ್ಟೇ ದೂರ ವಾಪಸ್. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದಕ್ಕೇ ಸೊಂಟ ಹಿಡಿಯುತ್ತದೆ ಎನ್ನುವವರು ಇದನ್ನು ಯೋಚಿಸಬೇಕು. 1905ರ ಮಾರ್ಚ್‌ನಲ್ಲಿ ಮತ್ತೆ ಹೋದರು. ಮೊದಲ ಪಂದ್ಯ 9-3ರಲ್ಲಿ ಗೆದ್ದು ಆಟವಾವನ್ನು ದಂಗುಬಡಿಸಿದರು. ಎರಡನೆಯದು 2-4, ಮೂರನೆಯದು 4-5. ಒಂದೇ ಒಂದು ಗೋಲಿನಲ್ಲಿ ಕಪ್ ಹೋಯಿತು. ಎರಡನೇ ಪಂದ್ಯಕ್ಕೆ ಬೇಕೆಂದೇ ಐಸ್ ಮೆತ್ತಗೆ ಮಾಡಿದ್ದರು, ಇವರ ವೇಗ ತಗ್ಗಿಸಲು, ಎಂಬ ದೂರು ಕೆನೋರಾದವರ ಬಾಯಲ್ಲಿ ಉಳಿದುಕೊಂಡಿದೆ. ಸೋತವರು ಪಿಚ್ಚನ್ನು ಬೈಯುವುದು ಎಲ್ಲ ಆಟದಲ್ಲೂ ಇದ್ದದ್ದೇ.

ಅದೇ ವರ್ಷ ಊರಿನ ಹೆಸರೂ ಬದಲಾಯಿತು. ಕೀವಾಟಿನ್, ನಾರ್ಮನ್, ರ‍್ಯಾಟ್ ಪೋರ್ಟೇಜ್ ಮೂರರ ಮೊದಲಕ್ಷರ ಜೋಡಿಸಿ ಕೆನೋರಾ ಮಾಡಿದರು. ಹಿಟ್ಟಿನ ಮೂಟೆಯ ಮೇಲೆ "ಇಲಿ" ಎಂದು ಅಚ್ಚು ಹಾಕಲು ಗಿರಣಿಯವರು ಒಪ್ಪಲಿಲ್ಲ, ಅದಕ್ಕೇ ಬದಲಾಯಿಸಿದರು ಅಂತ ಒಂದು ಕಥೆ ಇದೆ. ಕೇಳಲು ಚೆನ್ನಾಗಿದೆ.

ನನಗೆ ಈ ಎಲ್ಲರಲ್ಲಿ ಹತ್ತಿರದವನು ಫಿಲಿಪ್ಸ್. ಊರು ಬಿಟ್ಟು ಓದಲೆಂದು ಮಾಂಟ್ರಿಯಲ್‌ಗೆ ಹೋದ. ಅಲ್ಲಿ ಆಡಿದ, ಟೊರಾಂಟೋದಲ್ಲೂ ಆಡಿದ. ದೊಡ್ಡ ಊರುಗಳು ಅವನನ್ನು ಒಪ್ಪಿಕೊಂಡಿದ್ದವು. 1904ರಲ್ಲಿ ತಂದೆಗೆ ಹುಷಾರಿಲ್ಲ ಎಂದು ಊರಿಗೆ ಬಂದವನು ಅಲ್ಲೇ ನಿಂತ, ತಂಡದ ನಾಯಕನಾದ. ತಂದೆಗೆ ಹುಷಾರಿಲ್ಲ ಎಂಬ ತಂತಿ ನಮಗೆ ಎಷ್ಟು ಜನಕ್ಕೆ ಬಂದಿಲ್ಲ? ಹದಿನೈದು ದಿನದ ರಜೆ ಹಾಕಿ ಹೋಗಿ, ಕಾರ್ಯ ಮುಗಿಸಿ, ಹದಿನಾರನೇ ದಿನ ದಾದರಿನಲ್ಲಿ ಇಳಿದವರು ನಾವು. ನಾನೂ. ಅದಕ್ಕೇ ಇರಬೇಕು, ಅವನ ಮೇಲೆ ನನಗೆ ಗೌರವದ ಜೊತೆ ಸಣ್ಣ ಹೊಟ್ಟೆಕಿಚ್ಚೂ ಇದೆ.

1907ರ ಜನವರಿ. ಎದುರಾಳಿ ಮಾಂಟ್ರಿಯಲ್ ವಾಂಡರರ್ಸ್. ಮೊದಲ ಪಂದ್ಯ 4-2, ನಾಲ್ಕೂ ಗೋಲು ಫಿಲಿಪ್ಸ್‌ನದು. ಎರಡನೆಯದು 8-6, ಅದರಲ್ಲೂ ಅವನದು ಮೂರು. ಕಪ್ ಕೆನೋರಾಕ್ಕೆ!

ಈಗ ಗಮನಿಸಿ. ಆ ತಂಡದಲ್ಲಿ ಎರವಲು ತಂದವನು ಒಬ್ಬನಿದ್ದ, ಆರ್ಟ್ ರಾಸ್. ಅದೇ ಲೀಗಿನ ಬ್ರ್ಯಾಂಡನ್ ತಂಡದವನು. ಬರೀ ಈ ಎರಡು ಪಂದ್ಯಕ್ಕೆ ಅವನಿಗೆ ಸಾವಿರ ಡಾಲರ್ ಕೊಟ್ಟರು ಎಂದು ಹಾಕಿ ಇತಿಹಾಸ ಬರೆಯುವವರು ಹೇಳುತ್ತಾರೆ. ಮುಂದೆ ಬಾಸ್ಟನ್ ಬ್ರೂಯಿನ್ಸ್ ತಂಡ ಕಟ್ಟಿದವನು, ಇವತ್ತು ಎನ್‌ಎಚ್‌ಎಲ್‌ನಲ್ಲಿ ಅವನ ಹೆಸರಿನ ಟ್ರೋಫಿಯೇ ಇದೆ. ಆದರೂ ಆ ಜನವರಿಯ ತಂಡ ಕೆನೋರಾದ್ದೇ. ಅವನ ಪಕ್ಕದಲ್ಲಿ ಆಡಿದ ಫಿಲಿಪ್ಸ್, ಹೂಪರ್, ಗ್ರಿಫಿಸ್, ಮೆಕ್‌ಗಿಮ್ಸಿ ಹುಡುಗರಾಗಿದ್ದಾಗಿನಿಂದ ಒಬ್ಬರ ಕಾಲು ಎತ್ತ ಹೋಗುತ್ತದೆ ಎಂದು ಇನ್ನೊಬ್ಬರು ಬಲ್ಲವರು. ಸಾರಿಗೆ ಒಗ್ಗರಣೆ ಹೊರಗಿನಿಂದ ಬಂತು, ಸಾರು ಮನೆಯದೇ.

ಮಾರ್ಚ್ ಹೊತ್ತಿಗೆ ಸಾರೇ ಬದಲಾಯಿತು. ಮೆಕ್‌ಗಿಮ್ಸಿಯ ಭುಜಕ್ಕೆ ಪೆಟ್ಟಾಗಿ ಅವನ ಆಟವೇ ಮುಗಿದಿತ್ತು. ವಾಂಡರರ್ಸ್ ಮರುಸವಾಲು ಹಾಕಿದರು. ಕೆನೋರಾದವರು ಗಾಬರಿಯಲ್ಲಿ ಆಟವಾದಿಂದ ಆಲ್ಫ್ ಸ್ಮಿತ್, ಹ್ಯಾರಿ ವೆಸ್ಟ್‌ವಿಕ್ ಇಬ್ಬರನ್ನು ತಂದರು. ಎರಡು ವರ್ಷದ ಹಿಂದೆ ತಮ್ಮನ್ನೇ ಸೋಲಿಸಿದ ತಂಡದವರನ್ನು! ಫ್ರೆಡ್ ವಿಟ್‌ಕ್ರಾಫ್ಟ್ ಎಂಬ ಇನ್ನೊಬ್ಬನೂ ಹೊಸದಾಗಿ ಸೇರಿದ. ಸ್ಮಿತ್, ವೆಸ್ಟ್‌ವಿಕ್ ಆಡುವಂತಿಲ್ಲ ಎಂದು ಟ್ರಸ್ಟಿ ಹೇಳಿದರು. ಹಾಗಾದರೆ ಕಪ್ಪನ್ನು ಸರೋವರಕ್ಕೆ ಎಸೆಯುತ್ತೇವೆ ಎಂದು ಕೆನೋರಾದವರು ಹೆದರಿಸಿದರು ಎಂಬ ಕಥೆಯೂ ಉಂಟು. ಕೊನೆಗೆ ಎರಡೂ ತಂಡ ತಮ್ಮತಮ್ಮಲ್ಲೇ ಒಪ್ಪಿಕೊಂಡು ವಿನ್ನಿಪೆಗ್‌ನಲ್ಲಿ ಆಡಿದವು. 2-7, ಆಮೇಲೆ 6-5. ಎರಡನೇ ಪಂದ್ಯ ಗೆದ್ದರೂ ಒಟ್ಟು ಗೋಲಿನ ಲೆಕ್ಕದಲ್ಲಿ 8-12. ಕಪ್ ಊರಲ್ಲಿದ್ದದ್ದು ಎರಡು ತಿಂಗಳು ಮಾತ್ರ.

ನನ್ನ ತರ್ಕದಲ್ಲಿ ಒಂದು ತೂತಿದೆ, ಒಪ್ಪುತ್ತೇನೆ. ಒಬ್ಬ ಬಾಡಿಗೆಯವನು ಸರಿ, ಮೂವರು ತಪ್ಪು ಅನ್ನುವುದು ಯಾವ ನ್ಯಾಯ? ಗೆರೆ ಎಲ್ಲಿ ಎಳೆಯುತ್ತೀರಿ? ಮೆಕ್‌ಗಿಮ್ಸಿ ಗಾಯಗೊಂಡಿರದಿದ್ದರೆ ಏನಾಗುತ್ತಿತ್ತೋ, ಅದೂ ಇದೆ. ಆದರೆ ದುಡ್ಡಿನ ಆಟಕ್ಕೆ ಇಳಿದ ಮೇಲೆ ದುಡ್ಡಿರುವವನೇ ಗೆಲ್ಲುತ್ತಾನೆ. ಮುಂದಿನ ಸೀಸನ್ನಿಗೆ ಫಿಲಿಪ್ಸ್‌ನನ್ನೇ ಆಟವಾ ಸಂಬಳ ಕೊಟ್ಟು ಕರೆದುಕೊಂಡಿತು. ಗ್ರಿಫಿಸ್ ಪಶ್ಚಿಮಕ್ಕೆ, ವ್ಯಾಂಕೂವರ್ ಕಡೆ ಹೋದ. ಥಿಸಲ್ಸ್ 1907-08ರಲ್ಲಿ ಶುರುವಿನಲ್ಲೇ ಲೀಗಿನಿಂದ ಹಿಂದೆ ಸರಿಯಿತು. ಫಿಲಿಪ್ಸ್ 1923ರಲ್ಲಿ, ಬರೀ ನಲವತ್ತನೇ ವಯಸ್ಸಿಗೆ ತೀರಿಕೊಂಡ.

ಇನ್ನು ನಮ್ಮ ವಾಲಿಬಾಲ್. ಎಂಬತ್ತರ ದಶಕದಲ್ಲಿ ನಾನು ಸಂಘಕ್ಕೆ ಆಡುತ್ತಿದ್ದಾಗ ನಮ್ಮ ಆರನೆಯವನು ಪಕ್ಕದ ಖೋಲಿಯ ಮರಾಠಿ ಹುಡುಗ. ಮೂರು ವರ್ಷ ದಿನಾ ಸಂಜೆ ನಮ್ಮ ಜೊತೆ ನೆಟ್ ಕಟ್ಟಿದವನು. ಟೂರ್ನಮೆಂಟಿಗೆ ಮಾತ್ರ ಅವನ ಹೆಸರು "ಶೆಟ್ಟಿ" ಅಂತ ಬರೆಸಿದೆವು. ರೆಫ್ರಿ ಮಂಗಳೂರಿನವರು, ಶೆಟ್ಟಿ ಅಂದ ಕೂಡಲೇ ಖುಷಿಯಿಂದ ತುಳುವಿನಲ್ಲಿ ಶುರು ಮಾಡಿದರು! ಇವನಿಗೆ ಬರುತ್ತಿದ್ದದ್ದು "ಹೌದು ಮಾರಾಯ್ರೆ" ಒಂದೇ. ಎಲ್ಲದಕ್ಕೂ ಅದನ್ನೇ ಹೇಳಿದ. ಅವನು ಆಡಿದ್ದು ತಪ್ಪಲ್ಲ, ಅವನ ಹೆಸರು ಮುಚ್ಚಿದ್ದು ತಪ್ಪು ಅಂತ ಈಗ ಅನ್ನಿಸುತ್ತದೆ. ಎರಡು ವರ್ಷ ಬಿಟ್ಟು ಫೈನಲ್ಲಿಗೆಂದು ಒಂದು ಕಂಪನಿ ತಂಡದ ಸ್ಪೈಕರ್‌ನನ್ನು ಟ್ಯಾಕ್ಸಿ ಬಾಡಿಗೆ, ಊಟ, ಕವರಿನಲ್ಲಿ ಒಂದಿಷ್ಟು ಇಟ್ಟು ಕರೆಸಿದೆವು. ಆ ಮರಾಠಿ ಹುಡುಗ ಬೆಂಚಿನಲ್ಲಿ ಕುಳಿತ. ಗೆದ್ದೆವು. ಮರುದಿನದಿಂದ ಅವನು ನೆಟ್ ಕಟ್ಟಲು ಬರಲಿಲ್ಲ.

ಹಾಗಾಗಿ ಭಾನುವಾರ ನಾನು ಎರಡೂ ಠರಾವಿನ ವಿರುದ್ಧ ಕೈ ಎತ್ತುತ್ತೇನೆ. ಮಾತೃಭಾಷೆ ಯಾವುದೇ ಇರಲಿ, ಒಂದು ವರ್ಷ ನಮ್ಮ ಜೊತೆ ಮೈದಾನದಲ್ಲಿ ಪ್ರಾಕ್ಟೀಸ್ ಮಾಡಿದವರು ಆಡಲಿ, ಅವರವರ ಹೆಸರಿನಲ್ಲೇ ಆಡಲಿ. ಒಂದು ದಿನಕ್ಕೆ ಬರುವವರು ಬೇಡ. ಇದು ನನ್ನ ತಿದ್ದುಪಡಿ. ಅನುಮೋದಿಸಲು ಒಬ್ಬರು ಬೇಕು, ಯಾರಾದರೂ ಇದ್ದೀರಾ?

ಆ ಫೈನಲ್ಲಿನ ಫೋಟೋ ಸಂಘದ ಕಚೇರಿಯಲ್ಲಿ ಕಪಾಟಿನ ಮೇಲೆ ಇನ್ನೂ ಇದೆ. ಸಭೆಗೆ ಬಂದವರು ನೋಡಿ. ಬಲದಿಂದ ಎರಡನೆಯವರು ಆ ಸ್ಪೈಕರ್. ಅವರ ಹೆಸರು ನಮ್ಮಲ್ಲಿ ಯಾರಿಗೂ ನೆನಪಿಲ್ಲ.