ಹೆಬ್ಬೆರಳ ಗಂಟು ಮತ್ತು ಶಸ್ತ್ರಚಿಕಿತ್ಸೆ

ಶಿವರಾತ್ರಿ, ಯುಗಾದಿ, ದೀಪಾವಳಿಗಳು ಸಮೀಪಿಸಿದಾಗ ಕಾಮಗೆರೆ, ಹನೂರುಗಳ ಮಾರ್ಗವಾಗಿ ಭಕ್ತರು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಸಾಗುವರು. ಕೆಲವರಿಗೆ, ವಿಶೇಷವಾಗಿ ತಾಯಂದಿರಿಗೆ, ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟೆದ್ದು ಹೆಜ್ಜೆಹೆಜ್ಜೆಗೂ ನೋವು. ಅದನ್ನು ಹರಕೆಯ ಅಂಗವೆಂದು ಸಹಿಸುವುದು ತರವಲ್ಲ.

ಈ ಗಂಟು ಬೆಳೆದ ಮಾಂಸವಲ್ಲ. ಪಾದದ ಮೂಳೆ ಒಳಬದಿಗೆ ಸರಿದು, ಹೆಬ್ಬೆರಳು ಪಕ್ಕದ ಬೆರಳಿನತ್ತ ಬಾಗಿದಾಗ ಕೀಲೇ ಉಬ್ಬಿ ಕಾಣುವುದು. ಮುಂಭಾಗ ಅಗಲವಾದ, ಮೆತ್ತನೆಯ ಪಾದರಕ್ಷೆ ನೋವನ್ನು ತಗ್ಗಿಸಬಲ್ಲದು. ಆದರೆ ಯಾವ ಲೇಪವೂ ಮೂಳೆಯನ್ನು ನೇರಗೊಳಿಸಲಾರದು. ನೋವು ಶಮನವಾಗದೆ ನಡಿಗೆಯೇ ಕುಂಠಿತವಾದಾಗ ಶಸ್ತ್ರಚಿಕಿತ್ಸೆ ಉಚಿತ. ಕೇವಲ ಅಂದಕ್ಕಾಗಿ ಅಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆಗಳಲ್ಲಿ ಮೂಳೆ ವಿಭಾಗಗಳಿವೆ; ಅಂತಹ ಕಡೆ ತಜ್ಞರ ಅಭಿಪ್ರಾಯ ಪಡೆಯಬೇಕು. ಮಧುಮೇಹವುಳ್ಳವರು ಅದನ್ನು ಮೊದಲೇ ತಿಳಿಸತಕ್ಕದ್ದು.

ಸಾಮಾನ್ಯವಾಗಿ ಮೂಳೆಯನ್ನು ಕತ್ತರಿಸಿ, ನೇರಕ್ಕೆ ತಂದು, ಸ್ಕ್ರೂಗಳಿಂದ ಬಿಗಿಯುವರು. ಅದು ಕೂಡಿಕೊಳ್ಳಲು ಸುಮಾರು 6ರಿಂದ 12 ವಾರಗಳು, ಬಾವು ಪೂರ್ತಿ ಇಳಿಯಲು ಹಲವು ತಿಂಗಳುಗಳು ಬೇಕು. ಕೆಲವರಲ್ಲಿ ಗಂಟು ಮರುಕಳಿಸುವುದೂ ಉಂಟು.

ಇಲ್ಲಿ ಮನೆಯವರ ಹೊಣೆ ದೊಡ್ಡದು. ಹದಿನೈದು ದಿನಕ್ಕೇ ತಾಯಿಯನ್ನು ಒಲೆಯ ಮುಂದೆ ನಿಲ್ಲಿಸಿದರೆ ವೈದ್ಯರ ಶ್ರಮ ವ್ಯರ್ಥವಾದೀತು. ಪಾದೋದಕವನ್ನು ಅಷ್ಟಾವರಣಗಳಲ್ಲಿ ಒಂದೆಂದು ಎಣಿಸುವ ನಮಗೆ ಮನೆಯ ಹಿರಿಯರ ಪಾದಗಳೂ ಪೂಜ್ಯವಲ್ಲವೇ? ಆ ವರ್ಷ ಅವರನ್ನು ವಾಹನದಲ್ಲಿ ಬೆಟ್ಟಕ್ಕೆ ಕರೆದೊಯ್ಯಿರಿ. ಮಾದಪ್ಪನು ಆ ಭಕ್ತಿಯನ್ನು ಕಡಿಮೆಯೆಂದು ಎಣಿಸನು.