ಹೆಸರಿಟ್ಟು ಕರೆಯಿರಿ, ವ್ಯಾನ್ ಬರುತ್ತದೆ



ನನಗೆ ಒಂದು ವ್ಯಾನಿನ ಮೇಲೆ ಪ್ರೀತಿ ಹುಟ್ಟಿದೆ ಎಂದರೆ ನೀವು ನಗಬಹುದು. ತುರ್ತು ಚಿಕಿತ್ಸೆಗೆಂದು ನಾನು ಓಡಾಡುವ ಬಿಳಿ ವ್ಯಾನ್ ಅದು. ನೋಡಲು ಚೆಂದವೇನಲ್ಲ. ಬಾಗಿಲನ್ನು ಎರಡು ಸಲ ಎಳೆಯಬೇಕು. ಒಳಗೆ ಫಿನಾಯಿಲ್ ಮತ್ತು ಸಗಣಿಯ ವಾಸನೆ. ಆದರೂ ಜುಲೈ ಮಳೆಯಲ್ಲಿ ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವಾಗ ಅದು ಒಮ್ಮೆಯೂ ಕೈಕೊಟ್ಟಿಲ್ಲ.

ಕಳೆದ ತಿಂಗಳು ಒಂದು ಮಹಿಳಾ ಸಂಘದ ಸಭೆಯಲ್ಲಿ ಅಕ್ಕ ಒಬ್ಬರು ಕೇಳಿದರು, “ಡಾಕ್ಟ್ರೇ, ನಮ್ಮ ಕೊಟ್ಟಿಗೇಲಿ ಕರುವಿಗೂ ಹೆಸರಿದೆ. ನಿಮ್ಮ ಗಾಡಿಗೆ ಹೆಸರಿಲ್ವಾ?” ಅಲ್ಲಿಂದ ಶುರುವಾಯಿತು. ಒಬ್ಬರು ‘ಸಂಜೀವಿನಿ’ ಎಂದರು. ಅದು ಆಗಲೇ ಸರ್ಕಾರದ 1962ರ ಪಶು ಸಂಜೀವಿನಿ ಗಾಡಿಯ ಹೆಸರು. ಇನ್ನೊಬ್ಬರು ‘ಭದ್ರೆ’ ಎಂದರು. ಕಳಸದ ಕಡೆಯ ಅಕ್ಕ ಒಪ್ಪಲಿಲ್ಲ: “ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆ ಹತ್ತಿ ದಾರಿ ಅಡ್ಡ ಹಾಕೋಳೇ ಭದ್ರೆ. ಬೇಡವೇ ಬೇಡ.”

ಎಲ್ಲರೂ ನಕ್ಕರು. ಹಿಂದಿನ ಸಾಲಿನ ಒಬ್ಬರು ಮಾತ್ರ ಸುಮ್ಮನಿದ್ದರು. ಅವರ ಮನೆಗೆ ನಾನು ಹಿಂದಿನ ವರ್ಷ ಹೋಗಿದ್ದೆ.

ಅವರ ಮಿಶ್ರತಳಿ ಹಸು ಕರು ಹಾಕಿದ ಮರುದಿನ ಬೆಳಿಗ್ಗೆ ಏಳಲಿಲ್ಲ. ಮೈ ತಣ್ಣಗಿತ್ತು, ಕತ್ತು ಪಕ್ಕೆಗೆ ತಿರುಗಿತ್ತು. ಅದು ಹಾಲುಜ್ವರ. ಹೆಸರಲ್ಲಿ ಜ್ವರವಿದ್ದರೂ ಮೈ ಸುಡುವುದಿಲ್ಲ. ಗಿಣ್ಣದ ಹಾಲಿಗೆ ಸುಣ್ಣದ ಅಂಶ ಹರಿದುಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ. ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ನರಕ್ಕೆ ಕೊಟ್ಟರೆ ಬಹಳಷ್ಟು ಹಸುಗಳು ಎದ್ದು ನಿಲ್ಲುತ್ತವೆ. ಆದರೆ ಡಾಕ್ಟರ ನಂಬರ್ ಇದ್ದದ್ದು ಯಜಮಾನರ ಫೋನಿನಲ್ಲಿ. ಅವರು ಚಿಕ್ಕಮಗಳೂರಿಗೆ ಹೋಗಿದ್ದರು. ಅಷ್ಟರಲ್ಲಿ ಯಾರೋ ಬಂದು ಹಸುವಿಗೆ ಎಣ್ಣೆ ಕುಡಿಸಿದರು. ನುಂಗುವ ಶಕ್ತಿ ಇಲ್ಲದ ಹಸುವಿಗೆ ಅದು ಶ್ವಾಸಕೋಶಕ್ಕೆ ಇಳಿಯಿತು. ನಾನು ಹೋದದ್ದು ಸಂಜೆ. ಕ್ಯಾಲ್ಸಿಯಂನಿಂದ ಹಸು ಎದ್ದಿತು. ಮೂರನೇ ದಿನ ಉಸಿರು ಕಟ್ಟಿ ಸತ್ತಿತು.

“ಡೇರಿಗೆ ಹೋಗಿ ಕಾರ್ಯದರ್ಶಿಗೆ ಹೇಳಬಹುದಿತ್ತಲ್ಲ ಅಕ್ಕಾ?” ಎಂದು ಕೇಳಿದೆ. “ನಾನು ಹೇಳಿದ್ರೆ ಗಾಡಿ ಬರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ” ಎಂದರು. ಹಾಲು ಕರೆಯುವವರು ಅವರು, ಸಂಘದ ಸದಸ್ಯೆಯೂ ಅವರೇ. ಆದರೂ ಗಾಡಿ ತನ್ನದು ಎನ್ನಿಸಿರಲಿಲ್ಲ.

ಅದಕ್ಕೇ ನಾನು ಹೇಳುವುದು, ವ್ಯಾನಿಗೆ ಹೆಸರಿಡುವುದು ಹುಡುಗಾಟವಲ್ಲ. ನಮ್ಮ ಹಾಲಿಗೂ ‘ನಂದಿನಿ’ ಎಂದು ಹಸುವಿನ ಹೆಸರೇ ಇದೆ. ಹೆಸರಿಟ್ಟದ್ದನ್ನು ಕರೆಯಲು ಯಾರೂ ಅಂಜುವುದಿಲ್ಲ. ‘ಡಾಕ್ಟರ ಗಾಡಿ’ ಎಂದರೆ ಅದು ನನ್ನದು. ನೀವೇ ಹೆಸರಿಟ್ಟರೆ ನಿಮ್ಮದು.

ಹೆಸರಿನ ಜೊತೆಗೆ ಇಷ್ಟನ್ನೂ ಮಾಡಿ. ಡೇರಿ ಕಾರ್ಯದರ್ಶಿಯ ನಂಬರ್ ಮತ್ತು 1962 ನಿಮ್ಮ ಫೋನಿನಲ್ಲೇ ಇರಲಿ. ಫೋನ್ ಇಲ್ಲದಿದ್ದರೆ ಕೊಟ್ಟಿಗೆಯ ಕಂಬದ ಮೇಲೆ ಸುಣ್ಣದಲ್ಲಿ ಬರೆಯಿರಿ. ನೆಟ್‌ವರ್ಕ್ ಸಿಗುವ ತಿರುವು ಯಾವುದೆಂದು ಮಕ್ಕಳಿಗೂ ಗೊತ್ತಿರಲಿ. ಹನುಮಂತನಿಗೆ ಯಾವ ಬೇರು ಎಂದು ತಿಳಿಯದೆ ಬೆಟ್ಟವನ್ನೇ ಹೊತ್ತು ತಂದ. ನಮ್ಮ ವ್ಯಾನಿನಲ್ಲಿ ಬೆಟ್ಟ ಹಿಡಿಸುವುದಿಲ್ಲ. ಕರು ಹಾಕಿ ಎಷ್ಟು ದಿನ, ಮೇವು ತಿಂದಿತೇ, ಮೆಲುಕು ಹಾಕುತ್ತಿದೆಯೇ, ಕಿವಿ ತಣ್ಣಗಿದೆಯೇ, ಹೊಟ್ಟೆ ಉಬ್ಬಿದೆಯೇ ಎಂದು ಫೋನಿನಲ್ಲೇ ಹೇಳಿ. ನಾವು ಬರುವವರೆಗೆ ಬಿದ್ದ ಹಸುವಿನ ಎರಡೂ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತಿಟ್ಟು, ಎದೆಯ ಮೇಲೆ ನೆಟ್ಟಗೆ ಕೂರಿಸಿ. ಬಾಯಿಗೆ ಏನನ್ನೂ ಹೊಯ್ಯಬೇಡಿ. ಯಜಮಾನರು ಬರಲಿ ಎಂದು ಕಾಯಬೇಡಿ.

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನ ಅಕ್ಕ ಹೇಳಿದರು, “ಬೆಳ್ಳಿ ಅಂತಿಡಿ. ಗಾಡಿನೂ ಬಿಳೀದೇ ಅಲ್ವಾ.” ಬೆಳ್ಳಿ ಎಂಬುದು ಸತ್ತ ಅವರ ಹಸುವಿನ ಹೆಸರು. ಬೇರೆ ಹೆಸರನ್ನು ಮತ್ತೆ ಯಾರೂ ಹೇಳಲಿಲ್ಲ.

ನಿಮ್ಮ ಸಂಘದಲ್ಲಿ ಬೇರೆ ಹೆಸರು ಇಟ್ಟುಕೊಂಡರೂ ನನಗೆ ಬೇಸರವಿಲ್ಲ. ಆದರೆ ಮುಂದಿನ ಸಲ ಹಸು ಮೇವು ಬಿಟ್ಟ ಹೊತ್ತಿಗೇ ಫೋನ್ ಮಾಡಿ, “ಬೆಳ್ಳಿ ಎಲ್ಲಿದ್ದಾಳೆ?” ಎಂದು ಕೇಳಿ. ಹೊರಟು ಬರುತ್ತೇವೆ.